ಟೀ ಕುಡಿದು ಗೆದ್ದ ಕುದುರೆ

ಪಶುವೈದ್ಯ ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಒಂದು ವಿದ್ಯೆಯನ್ನು ನಾನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬೇಕಾಯಿತು. ಅದು ಶಿಳ್ಳೆ ಹಾಕುವುದು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದ್ರಾಸಿನಲ್ಲಿ ಓದು ಮುಗಿಸಿಕೊಂಡು ಊಟಿಯ ಪಶು ಆಸ್ಪತ್ರೆಗೆ ಬಂದಿದ್ದೆ. ನಮ್ಮ ಹಟ್ಟಿ ನಂಜನಾಡಿನ ಹತ್ತಿರ. ಬೆಳಿಗ್ಗೆ ಆಲೂಗಡ್ಡೆ ಮೂಟೆಗಳ ಜೊತೆ ಬಸ್ಸಿನಲ್ಲಿ ಹೋಗಿ, ಸಂಜೆ ಖಾಲಿ ಗೋಣಿಗಳ ಜೊತೆ ವಾಪಸು ಬರುತ್ತಿದ್ದೆ. ಎಮ್ಮೆ, ದನ, ಬಂಗಲೆಗಳ ಸಾಕುನಾಯಿ, ಇವು ನನ್ನ ರೋಗಿಗಳು. ಬೇಸಿಗೆ ಬಂದು ಊಟಿಯಲ್ಲಿ ಸೀಸನ್ ಶುರುವಾಯಿತೆಂದರೆ ಬೆಂಗಳೂರಿನಿಂದಲೂ ಮದ್ರಾಸಿನಿಂದಲೂ ರೇಸಿನ ಕುದುರೆಗಳು ಲಾರಿಯಲ್ಲಿ ಘಾಟಿ ಹತ್ತಿ ಬರುತ್ತಿದ್ದವು. ಆ ದಿನಗಳಲ್ಲಿ ಆಸ್ಪತ್ರೆಯಿಂದ ಒಬ್ಬರನ್ನು ರೇಸಿನ ಡಾಕ್ಟರ ಕೈಕೆಳಗೆ ಕಳಿಸುವುದು ವಾಡಿಕೆ. ಆ ವರ್ಷ ನನ್ನ ಪಾಳಿ ಬಂತು. ಹೆಣ್ಣುಮಗಳನ್ನು ಕಳಿಸುವುದೇ ಎಂದು ಆಫೀಸಿನಲ್ಲಿ ಗುಸುಗುಸು ನಡೆಯಿತು. ಬೇರೆ ಯಾರಿಗೂ ಹೋಗಲು ಮನಸ್ಸಿಲ್ಲದಿದ್ದರಿಂದ ಗುಸುಗುಸು ಬೇಗ ನಿಂತಿತು.

ರೇಸಿನ ಡಾಕ್ಟರು ಕೊಡಗಿನವರು. ಸೈನ್ಯದಲ್ಲಿ ಕುದುರೆಗಳನ್ನೇ ನೋಡಿಕೊಂಡಿದ್ದು, ನಿವೃತ್ತರಾದ ಮೇಲೆ ಊಟಿಯ ಹತ್ತಿರದ ವೆಲ್ಲಿಂಗ್ಟನ್ನಿನಲ್ಲಿ ಮನೆ ಮಾಡಿದ್ದವರು. ಮೊದಲ ದಿನವೇ ನನ್ನ ಕೈಗೆ ಉದ್ದ ಹಿಡಿಯ ಒಂದು ಪಾತ್ರೆ ಕೊಟ್ಟರು. ಗೆದ್ದ ಕುದುರೆಯ ಜೊಲ್ಲನ್ನು ಹತ್ತಿಯಲ್ಲಿ ಒರೆಸಿಕೊಳ್ಳಬೇಕು, ಉಚ್ಚೆಯನ್ನು ಈ ಪಾತ್ರೆಯಲ್ಲಿ ಹಿಡಿಯಬೇಕು, ಎರಡನ್ನೂ ಮುದ್ರೆ ಹಾಕಿ ಮದ್ರಾಸಿನ ಪ್ರಯೋಗಶಾಲೆಗೆ ಕಳಿಸಬೇಕು. ಕುದುರೆಗೆ ಮದ್ದು ಹಾಕಿ ಓಡಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

"ಅದು ಉಚ್ಚೆ ಹುಯ್ಯದಿದ್ದರೆ ಏನು ಮಾಡೋದು ಸಾರ್?" ಎಂದು ಕೇಳಿದೆ.

"ಶಿಳ್ಳೆ ಹಾಕಮ್ಮಾ. ಸೈಸ್‌ಗಳು ಮರಿಯಿಂದಲೇ ಹಾಗೆ ರೂಢಿ ಮಾಡಿರ್ತಾರೆ."

ಸೈಸ್ ಎಂದರೆ ಕುದುರೆಯ ಜೊತೆಗೇ ಇದ್ದು ಅದರ ಮೈ ತಿಕ್ಕಿ ಮೇವು ಹಾಕುವವನು. ಅಂದು ಗೆದ್ದ ಕುದುರೆಯ ಮುಂದೆ ನಿಂತು ತುಟಿ ಚೂಪು ಮಾಡಿ ಊದಿದೆ. ಬರೀ ಗಾಳಿ ಬಂತು. ಕುದುರೆ ಕಿವಿ ನಿಗುರಿಸಿ, ಪಾಪ ಈ ಹೆಂಗಸಿಗೆ ಏನಾಗಿದೆ ಎನ್ನುವ ಹಾಗೆ ನನ್ನನ್ನೇ ನೋಡಿತು. ಕೊನೆಗೆ ಡಾಕ್ಟರೇ ಬಂದು ಶಿಳ್ಳೆ ಹಾಕಿದರು. ಕುದುರೆ ಕಾಲಗಲಿಸಿತು.

ಮನೆಗೆ ಬಂದು ಕೋಸಿನ ಪಾತಿಯ ನಡುವೆ ನಿಂತು ಅಭ್ಯಾಸ ಶುರು ಮಾಡಿದೆ. ನಮ್ಮ ಮನೆಮಾತು ಬಡಗ. ಓದುವವರಿಗೆ ತಿಳಿಯಲೆಂದು ಅದನ್ನು ಇಲ್ಲಿ ಕನ್ನಡದ ದಾರಿಗೆ ತಂದಿದ್ದೇನೆ. ನಮ್ಮ ಹೆತ್ತೆ, ಅಂದರೆ ಅಜ್ಜಿ, ಜಗಲಿಯಿಂದಲೇ ಕೂಗಿದಳು: "ಏ ಕೂಸು, ಹೆಣ್ಣು ಸೀಟಿ ಹೊಡೆದಲೆ ಮನೆಗೆ ಕೇಡು!"

"ಸರ್ಕಾರದ ಕೆಲಸ ಹೆತ್ತೆ."

"ಸರ್ಕಾರ ನಿನಗೆ ಸೀಟಿ ಹೊಡೆಯೋಕೆ ಸಂಬಳ ಕೊಡ್ತದಾ?"

"ಹೂಂ. ಕುದುರೆ ಉಚ್ಚೆ ಹುಯ್ಯಲಿ ಅಂತ."

ಹೆತ್ತೆ ಅಪ್ಪನ ಮುಖ ನೋಡಿದಳು. ಅಷ್ಟು ಓದಿಸಿದ್ದು ಇದಕ್ಕೇನೋ ಎನ್ನುವ ನೋಟ. ಅಪ್ಪ ನಗು ತಡೆಯಲಾರದೆ ಗುದ್ದಲಿ ಕೆಳಗಿಟ್ಟು ಬಂದು, ನಾಲಿಗೆಯನ್ನು ಕೆಳಹಲ್ಲಿಗೆ ಹೇಗೆ ಒತ್ತಬೇಕೆಂದು ತೋರಿಸಿಕೊಟ್ಟರು. ಚಿಕ್ಕಂದಿನಲ್ಲಿ ಎಮ್ಮೆ ಕಾಯುವಾಗ ಕಲಿತದ್ದಂತೆ. ವಾರ ಕಳೆಯುವುದರೊಳಗೆ ನನ್ನ ಶಿಳ್ಳೆಗೆ ಪಕ್ಕದ ಗುಡ್ಡದ ನಾಯಿಗಳೂ ಉತ್ತರ ಕೊಡತೊಡಗಿದವು.

ಡಾಕ್ಟರು ಬಿಡುವಾದಾಗಲೆಲ್ಲ ಪಾಠ ಹೇಳುತ್ತಿದ್ದರು. ಮದ್ದುಗಳಲ್ಲಿ ಓಟ ಹೆಚ್ಚಿಸುವುದುಂಟು, ಗೆಲ್ಲಬೇಕಾದ ಕುದುರೆಯನ್ನು ಮಂಕು ಮಾಡಿ ಸೋಲಿಸುವುದುಂಟು. "ಎಲ್ಲಕ್ಕಿಂತ ಕೆಟ್ಟದ್ದು ನೋವು ಮರೆಸೋದು," ಎನ್ನುತ್ತಿದ್ದರು. "ಕುದುರೆಗೆ ಬಾಯಿಲ್ಲ. ಕುಂಟೋದೇ ಅದರ ಮಾತು. ಆ ಮಾತನ್ನೂ ಕಿತ್ತುಕೊಂಡ್ರೆ ಅದಕ್ಕೆ ಉಳಿಯೋದೇನು?" ಅಂಗೈಗಿಂತ ಮುಂಗೈಗೆ ಬಿಸಿ ಬೇಗ ತಿಳಿಯುತ್ತದೆ ಎಂದು ಹೇಳಿ, ಮುಂಗೈಯಿಂದ ಕುದುರೆಯ ಕಾಲು ಮುಟ್ಟಿ ನೋಡುವುದನ್ನು ಕಲಿಸಿದವರು ಅವರೇ.

ಆ ಸೀಸನ್ನಿನ ಮಧ್ಯದಲ್ಲಿ ಒಂದು ಕೆಂಪು ಹೆಣ್ಣು ಕುದುರೆ ಗೆದ್ದಿತು. ಹಣೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಅದು ಗೆಲ್ಲುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ತುಂತುರು ಮಳೆ ಬೀಳುತ್ತಿತ್ತು, ಮೈದಾನದ ಆಚೆ ತಿರುವನ್ನು ಮಂಜು ನುಂಗಿತ್ತು. ಕುದುರೆಗಳೆಲ್ಲ ಮಂಜಿನೊಳಕ್ಕೆ ಹೋದವು. ಹೊರಗೆ ಬಂದಾಗ ಇದೊಂದೇ ಮುಂದೆ, ಉಳಿದವು ಎಷ್ಟೋ ಹಿಂದೆ. ಜನ ಕೂಗುವುದನ್ನೂ ಮರೆತು ನಿಂತರು. ಅದರ ಸೈಸ್ ಬೆಂಗಳೂರಿನ ದಂಡಿನ ಕಡೆಯ ಮುಸ್ಲಿಂ ಹಿರಿಯ, ಬಿಳಿ ಗಡ್ಡದವರು. ಬೇಲಿ ಹಾರಿ ಓಡಿ ಬಂದು ಕುದುರೆಯ ಕೊರಳು ತಬ್ಬಿಕೊಂಡು, "ನನ್ ಮಗ್ಳು, ನನ್ ಮಗ್ಳು!" ಎಂದು ಕುಣಿದರು. ನಾನು ಎಂದಿನಂತೆ ಜೊಲ್ಲು, ಉಚ್ಚೆ ಎರಡನ್ನೂ ಹಿಡಿದು ಮುದ್ರೆ ಹಾಕಿ ಕಳಿಸಿದೆ.

ಕೆಲವು ದಿನ ಕಳೆದು ಮದ್ರಾಸಿನಿಂದ ಟ್ರಂಕ್ ಕಾಲ್ ಬಂತು. ಡಾಕ್ಟರು ಫೋನಿಟ್ಟು ಕನ್ನಡಕ ತೆಗೆದರು. "ಕೆಂಪು ಕುದುರೆಯಲ್ಲಿ ಕೆಫೀನ್ ಸಿಕ್ಕಿದೆಯಂತೆ."

ಕೆಫೀನ್ ಕಾಫಿಯಲ್ಲೂ ಟೀಯಲ್ಲೂ ಇರುವ ಉತ್ತೇಜಕ. ಅದನ್ನೇ ಬೇರೆ ಮಾಡಿ ಸೂಜಿಯಲ್ಲೋ ಗುಳಿಗೆಯಲ್ಲೋ ಕೊಟ್ಟು ಕುದುರೆ ಓಡಿಸುವ ಕಳ್ಳತನ ಹಳೆಯದು. ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಕುದುರೆಯನ್ನು ತರಬೇತು ಮಾಡುವ ಟ್ರೇನರ್ ತನಗೇನೂ ಗೊತ್ತಿಲ್ಲ ಎಂದ. ದೂರೆಲ್ಲ ಹೋಗಿ ಬಿದ್ದದ್ದು ಸೈಸ್ ಮೇಲೆ. ರೇಸಿನ ನ್ಯಾಯ ನೋಡುವ ಹಿರಿಯರಿಗೆ ಸ್ಟೀವರ್ಡ್‌ಗಳೆನ್ನುತ್ತಾರೆ. ಅವರು ವಿಚಾರಣೆ ಇಟ್ಟುಕೊಂಡರು. ತಪ್ಪು ರುಜುವಾತಾದರೆ ಆ ಮುದುಕರು ಇನ್ನು ಯಾವ ಲಾಯದೊಳಗೂ ಕಾಲಿಡುವಂತಿರಲಿಲ್ಲ.

ಮರುದಿನ ಮುಂಜಾನೆ ಅವರನ್ನು ನೋಡಲು ಲಾಯಕ್ಕೆ ಹೋದೆ. ಮೈದಾನದ ಕೆಳಗಿನ ಇಳಿಜಾರಿನಲ್ಲಿ ಸಾಲಾಗಿ ತಗಡಿನ ಲಾಯಗಳಿದ್ದವು. ಮುದುಕರು ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು.

"ಡಾಕ್ಟ್ರಮ್ಮಾ, ಹುರುಳಿ, ಓಟ್ಸು, ಒಂದ್ ತುಂಡು ಬೆಲ್ಲ. ಅದ್ ಬಿಟ್ರೆ ನಾನ್ ಇದಕ್ಕೆ ಏನೂ ತಿನ್ಸಿಲ್ಲ, ಖುದಾನ ಆಣೆ. ಸೂಜಿ ಅಂದ್ರೆ ನಂಗೇ ತಲೆ ಸುತ್ತುತ್ತೆ. ಇದಕ್ಕೆ ಚುಚ್ತೀನಾ?"

ಅವರ ಮಾತು ನನಗೆ ಸುಳ್ಳೆನಿಸಲಿಲ್ಲ. ಆದರೆ ಪ್ರಯೋಗಶಾಲೆಯೂ ಸುಳ್ಳು ಹೇಳುವುದಿಲ್ಲವಲ್ಲ. ಏನು ಮಾಡುವುದೆಂದು ತೋಚದೆ ಕುದುರೆಯ ಮೂಗು ಸವರಿದೆ. ಅದರ ಉಸಿರಿನಲ್ಲಿ ಹುಲ್ಲಿನ ವಾಸನೆಯ ಜೊತೆ ಇನ್ನೊಂದು ವಾಸನೆಯಿತ್ತು. ನನ್ನ ಅವ್ವೆಯ ತವರು ಟೀ ಬೆಳೆಯುವ ಹಟ್ಟಿ. ಫ್ಯಾಕ್ಟರಿಯ ಹಿಂದಿನ ಬಯಲಲ್ಲಿ ಆಡಿ ಬೆಳೆದವಳು ನಾನು. ಆ ವಾಸನೆ ನನಗೆ ಗೊತ್ತಾಗದೆ ಇದ್ದೀತೇ? ತುಟಿ ಎತ್ತಿ ನೋಡಿದೆ. ಗಲ್ಲದ ಬಿಳಿ ಕೂದಲಿನಲ್ಲಿ ಕಂದು ಬಣ್ಣದ ಸಣ್ಣ ಚೂರುಗಳು ಅಂಟಿದ್ದವು. ಟೀ ಚರಟ!

ಲಾಯದ ಹಿಂಬದಿಗೆ ಒಂದು ಅರ್ಧ ಬಾಗಿಲಿತ್ತು. ಅದರಾಚೆ ಯಾರದೋ ಒಲೆಯ ಹೊಗೆ ಏಳುತ್ತಿತ್ತು. ನೋಡುತ್ತಿದ್ದಂತೆಯೇ ಕುದುರೆ ನನ್ನನ್ನು ಪಕ್ಕಕ್ಕೆ ತಳ್ಳಿ, ಆ ಬಾಗಿಲ ಮೇಲಿಂದ ಕೊರಳು ಚಾಚಿ, ಮೂತಿಯಿಂದ ತಗಡಿಗೆ ದಡ ದಡ ಬಡಿಯಿತು.

"ಬಂದೆ ಮೋಳೇ, ಬಂದೆ!" ಎಂದು ಒಂದು ಹೆಣ್ಣು ದನಿ ಕೇಳಿತು. ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ.

ಗೂಡಲೂರು ಕಡೆಯ ಮಲಯಾಳಿ ಹೆಂಗಸು, ಲಾಯಗಳ ಹಿಂದೆ ಟೀ ಅಂಗಡಿ ಇಟ್ಟವಳು, ಒಂದು ಅಲ್ಯೂಮಿನಿಯಂ ಬೋಸಿ ಹಿಡಿದು ಬಂದಳು. ಅದರ ತುಂಬ ಹಾಲು ಸಕ್ಕರೆ ಹಾಕಿದ ಟೀ, ತಳದಲ್ಲಿ ಚರಟ. ಕುದುರೆ ಕಣ್ಣು ಅರೆಮುಚ್ಚಿ ಸೊರ ಸೊರ ಹೀರಿ, ಬೋಸಿಯನ್ನೂ ನೆಕ್ಕಿತು.

"ಅಮ್ಮಾ, ಇದಕ್ಕೆ ದಿನಾ ಟೀ ಕೊಡ್ತೀಯಾ?"

"ಪಿನ್ನೆ? ಚಾಯ ಕೊಡದಿದ್ರೆ ನನ್ನ ತಗಡೇ ಒಡೆದು ಹಾಕ್ತದೆ. ಮೊದಲು ಬರೀ ಚರಟ ಬಿಸಾಡಿದ್ದೆ, ತಿಂದುಬಿಡ್ತು. ಆಮೇಲೆ ಹಾಲು ಕೇಳ್ತು. ಈಗ ಸಕ್ಕರೆ ಕಮ್ಮಿ ಆದ್ರೆ ಮೂಗಲ್ಲಿ ಫುರ್ ಅಂತ ನನ್ನ ಮೇಲೇ ಊದ್ತದೆ!"

ಆ ಹೊತ್ತಿಗೆ ಮುದುಕರು ದಿನವೂ ಮೇವು ತರಲು ಹೋಗಿರುತ್ತಿದ್ದರು. "ಇವ್ಳೇನಾ ನನ್ ಮಗ್ಳು!" ಎಂದು ಹಣೆ ಬಡಿದುಕೊಂಡರು. ಹಣೆ ಬಡಿದುಕೊಳ್ಳುತ್ತಲೇ ನಕ್ಕರು.

ವಿಚಾರಣೆಯ ದಿನ ಸ್ಟೀವರ್ಡ್‌ಗಳು ಉದ್ದ ಮೇಜಿನ ಹಿಂದೆ ಕೂತಿದ್ದರು. ಕೋಟು, ಹ್ಯಾಟು, ಗಂಭೀರ ಮುಖ. ನಾನು ಕಂಡದ್ದನ್ನು ಹೇಳಿದೆ. ಅವರಲ್ಲಿ ಹಿರಿಯರಾದ ಒಬ್ಬ ಎಸ್ಟೇಟ್ ಮಾಲೀಕರು ನನ್ನನ್ನು ಕನಿಕರದಿಂದ ನೋಡಿದರು. "ಕುದುರೆ ಟೀ ಕುಡಿಯುತ್ತದೆಂದು ನಾವು ನಂಬಬೇಕೆ?"

"ಹೊರಗೆ ಬನ್ನಿ ಸಾರ್," ಎಂದರು ನಮ್ಮ ಡಾಕ್ಟರು.

ಎಲ್ಲರೂ ಹುಲ್ಲುಹಾಸಿಗೆ ಬಂದರು. ಟೀ ಅಂಗಡಿಯವಳು ಒಗೆದ ಸೀರೆಯುಟ್ಟು ಬೋಸಿ ಹಿಡಿದು ನಿಂತಿದ್ದಳು. ಎಸ್ಟೇಟ್ ಮಾಲೀಕರು ತಮ್ಮ ಪಿಂಗಾಣಿ ಕಪ್ಪನ್ನು ಕೈಯಲ್ಲೇ ಹಿಡಿದು ಬಂದಿದ್ದರು. ಮುದುಕರು ಕುದುರೆಯನ್ನು ಕರೆತಂದರು. ಅದು ಒಮ್ಮೆ ಸುತ್ತ ನೋಡಿತು, ಬೋಸಿಯ ಕಡೆ ಹೋಗಲಿಲ್ಲ, ನೇರವಾಗಿ ಹೋಗಿ ಆ ಕಪ್ಪಿನೊಳಗೆ ಮೂತಿ ಇಟ್ಟಿತು. ಅವರು ಏನಾಯಿತೆಂದು ತಿಳಿಯುವುದರೊಳಗೆ ಕಪ್ಪು ಖಾಲಿ. ಕೋಟಿನ ಮೇಲೆಲ್ಲ ಟೀ.

"ಒಳ್ಳೆ ಎಸ್ಟೇಟಿನ ಟೀ ಅಂತ ಗೊತ್ತಾಗಿದೆ ಅದಕ್ಕೆ," ಎಂದರು ಪಕ್ಕದ ಸ್ಟೀವರ್ಡ್. ಅಲ್ಲಿಗೆ ಗಂಭೀರ ಮುಖಗಳೆಲ್ಲ ಸಡಿಲವಾದವು. ಬೋಸಿಯ ಟೀಯೂ ಕುದುರೆಯ ಹೊಟ್ಟೆ ಸೇರಿತು.

ಆದರೂ ನ್ಯಾಯಕ್ಕೆ ಪುರಾವೆ ಬೇಕು. ಟೀ ಕುಡಿದ ಕುದುರೆಯ ಉಚ್ಚೆಯನ್ನು ಎಲ್ಲರ ಮುಂದೆ ಹಿಡಿದು ಮದ್ರಾಸಿಗೆ ಕಳಿಸಬೇಕೆಂದು ತೀರ್ಮಾನವಾಯಿತು. ಸ್ವಲ್ಪ ಹೊತ್ತು ಕಾದ ಮೇಲೆ ಹ್ಯಾಟು ಹಾಕಿದ ಅಷ್ಟು ಜನ ಗಂಡಸರು ನನ್ನ ಸುತ್ತ ಮೌನವಾಗಿ ನಿಂತರು. ಕಿವಿ ಬಿಸಿಯಾಯಿತು. ಅಪ್ಪ ಹೇಳಿಕೊಟ್ಟ ಹಾಗೆ ನಾಲಿಗೆ ಒತ್ತಿ ಒಂದು ಉದ್ದ ಶಿಳ್ಳೆ ಹಾಕಿದೆ. ಕೆಂಪು ಕುದುರೆ ಅಲ್ಲೇ ಕಾಲಗಲಿಸಿ ನನ್ನ ಮಾನ ಉಳಿಸಿತು. ಆಚೆ ಮರಕ್ಕೆ ಕಟ್ಟಿದ್ದ ಇನ್ನೊಂದು ಕುದುರೆಯೂ ಜೊತೆಗೆ ಹುಯ್ಯಿತು.

ಮದ್ರಾಸಿನಿಂದ ಮತ್ತೆ ಅದೇ ಉತ್ತರ: ಕೆಫೀನ್ ಇದೆ. ಸ್ಟೀವರ್ಡ್‌ಗಳು ಮುದುಕರ ಮೇಲಿನ ದೂರನ್ನು ತೆಗೆದುಹಾಕಿದರು. ನಿಯಮ ನಿಯಮವೇ ಆದ್ದರಿಂದ ಗೆಲುವನ್ನೂ ಬಹುಮಾನದ ಕಪ್ಪನ್ನೂ ಎರಡನೆಯದಾಗಿ ಬಂದ ಕುದುರೆಗೆ ಕೊಟ್ಟರು. ಮುದುಕರಿಗೆ ಅದರ ಬೇಸರ ಇರಲಿಲ್ಲ. "ಕಪ್ಪು ಬೇರೆಯವರು ತಗೊಂಡ್ ಹೋಗ್ಲಿ. ಕಪ್ಪಲ್ಲಿದ್ದ ಟೀ ನಮ್ ಹುಡ್ಗಿ ಕುಡಿದ್ಲಲ್ಲ," ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಉತ್ತರ ಬಂದ ದಿನ ಕುದುರೆಯನ್ನು ಲಾಯಕ್ಕೆ ಇಳಿಸಿಕೊಂಡು ಹೋಗುವಾಗ ನಾನು ಹಿಂದೆಯೇ ನಡೆಯುತ್ತಿದ್ದೆ. ಇಳಿಜಾರಿನಲ್ಲಿ ಅದು ಎಡ ಮುಂಗಾಲನ್ನು ಸ್ವಲ್ಪ ಹುಷಾರಾಗಿ ಊರುತ್ತಿದೆ ಅನ್ನಿಸಿತು. ಲಾಯದಲ್ಲಿ ಬಗ್ಗಿ ಮುಂಗೈ ಇಟ್ಟು ನೋಡಿದೆ. ಮೊಣಕಾಲ ಕೆಳಗಿನ ಸ್ನಾಯುರಜ್ಜು ಬಿಸಿಯಾಗಿತ್ತು, ಸಣ್ಣಗೆ ಊದಿಕೊಂಡಿತ್ತು. ಡಾಕ್ಟರನ್ನು ಕರೆದು ತೋರಿಸಿದೆ. ಅವರೂ ಮುಟ್ಟಿ ನೋಡಿ ತಲೆಯಾಡಿಸಿದರು. "ಟೀ ಗಲಾಟೆಯಲ್ಲಿ ಕಾಲು ನೋಡೋರೇ ಇರಲಿಲ್ಲ. ಇನ್ನು ಈ ಸೀಸನ್ ಓಡಬಾರದು."

ಕುದುರೆಯ ಮಾಲೀಕನಿಗೆ ಅದು ಹಿಡಿಸಲಿಲ್ಲ. ಬಯಲುಸೀಮೆಯ ದೊಡ್ಡ ವ್ಯಾಪಾರಿ. ಸೀಸನ್ನಿನ ಕೊನೆಯ ಮುಖ್ಯ ರೇಸಿಗೆ ಇದನ್ನು ಓಡಿಸಲೇಬೇಕೆಂದು ಹಟ ಹಿಡಿದಿದ್ದ. ಟ್ರೇನರನ್ನು ಜೊತೆಗೆ ಕರೆದುಕೊಂಡು ನಮ್ಮ ಕೋಣೆಗೆ ಬಂದ.

"ಕಾಲಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ರೆ ಸಾಕಂತೆ. ಒಂದೇ ರೇಸು. ಟೀಗೇ ಅಷ್ಟು ಓಡಿದ್ದು, ಕಾಲು ನೋಯದಿದ್ರೆ ಹೇಗೆ ಓಡೀತು ನೋಡಿ!"

ಡಾಕ್ಟರು ನನ್ನ ಕಡೆ ನೋಡಿದರು. ಓಡಲು ಯೋಗ್ಯ ಎಂದು ಬರೆದುಕೊಡುವ ಕೆಲಸ ಆ ವಾರ ನನಗೆ ಬಿಟ್ಟಿದ್ದರು.

ಆ ಸೀಸನ್ನಿನ ಮೊದಲ ದಿನಗಳಲ್ಲೇ ಒಂದು ಕಂದು ಗಂಡು ಕುದುರೆ ಓಡುತ್ತಿದ್ದಾಗಲೇ ಕಾಲು ಮುರಿದು ಬಿದ್ದದ್ದನ್ನು ನಾನು ನೋಡಿದ್ದೆ. ಜನರಿಗೆ ಕಾಣದಿರಲೆಂದು ಸುತ್ತ ತೆರೆ ಹಿಡಿದಿದ್ದರು. ನಾನು ತೆರೆಯ ಒಳಗಿದ್ದೆ. ಅದು ಮೂರು ಕಾಲಲ್ಲಿ ಮತ್ತೆ ಏಳಲು ನೋಡುತ್ತಲೇ ಇತ್ತು, ಗುಂಡಿನ ಸದ್ದು ಆಗುವವರೆಗೂ.

"ನೋವು ಗೊತ್ತಾಗದಿದ್ರೆ ಅದು ಕಾಲು ಗಟ್ಟಿ ಇದೆ ಅಂತ ನಂಬಿ ಪೂರಾ ಜೀವ ಹಾಕಿ ಓಡ್ತದೆ ಸಾರ್," ಎಂದೆ. "ಮುರಿದ ಮೇಲೆ ತೆರೆ ಹಿಡಿಯೋರು ನಾವು. ನಾನು ಬರೆದು ಕೊಡೋದಿಲ್ಲ."

"ನೀನು ಯಾರಮ್ಮ ಇದನ್ನ ಹೇಳೋಕೆ?"

"ಅವರು ಡಾಕ್ಟರು," ಎಂದರು ನಮ್ಮ ಹಿರಿಯ ಡಾಕ್ಟರು, ಕೂತಲ್ಲಿಂದ ಏಳದೆ. "ನಾನೂ ಅದನ್ನೇ ಹೇಳ್ತೇನೆ. ಬಾಗಿಲು ಆ ಕಡೆ ಇದೆ."

ಟ್ರೇನರ್ ಅಲ್ಲಿಯವರೆಗೂ ನೆಲ ನೋಡುತ್ತಿದ್ದವನು, "ನಂಗೂ ಮನಸ್ಸಿರ್ಲಿಲ್ಲ," ಎಂದು ಮೆಲ್ಲಗೆ ಹೇಳಿದ. ಮಾಲೀಕ ಬುಸುಗುಡುತ್ತ ಹೊರಟುಹೋದ. ಓಡದ ಕುದುರೆ ತನಗೆ ಬೇಡ, ಕೆರೆಯ ಹತ್ತಿರ ಸವಾರಿ ಮಾಡಿಸುವವರಿಗೆ ಕೊಟ್ಟುಬಿಡಿ ಎಂದು ಹೇಳಿ ಕಳಿಸಿದ. ಆ ಕುಂಟು ಕಾಲಲ್ಲಿ ದಿನವಿಡೀ ಪ್ರವಾಸಿಗಳನ್ನು ಹೊತ್ತು ತಿರುಗಿದರೆ ಅದು ಎಷ್ಟು ದಿನ ಉಳಿದೀತು? ಮುದುಕರು ನನ್ನ ಮುಂದೆ ಕೈಮುಗಿದು ನಿಂತರು.

ಸಂಜೆ ಮನೆಯಲ್ಲಿ ವಿಷಯ ಎತ್ತಿದೆ. ಅಪ್ಪ ಊಟ ಮುಗಿಸಿ ಎದ್ದರು. ಕೈ ತೊಳೆದು ಬಂದು, "ಹುಲ್ಲಿಗೇನು ಬರವಿಲ್ಲ. ಕರೆದುಕೊಂಡು ಬಾ," ಎಂದರು.

ಬೇಡದ ಕುದುರೆ ಯಾರ ಪಾಲಾದರೇನು ಎಂದು ಮಾಲೀಕ ಒಪ್ಪಿಬಿಟ್ಟ. ಕೆಂಪು ಕುದುರೆ ನಮ್ಮ ಹಟ್ಟಿಗೆ ಬಂದ ದಿನ ಊರೆಲ್ಲ ಸೇರಿತ್ತು. ಅಷ್ಟು ಎತ್ತರದ, ಅಷ್ಟು ತೆಳ್ಳನೆಯ ಕಾಲಿನ ಪ್ರಾಣಿಯನ್ನು ಎಮ್ಮೆಗಳು ಮೇವು ಬಿಟ್ಟು ನೋಡಿದವು. ಹೆತ್ತೆ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ಬಂದಳು.

"ಹಾಲು ಕರೆಯುತ್ತದಾ?"

"ಇಲ್ಲ ಹೆತ್ತೆ."

"ಉಳುತ್ತದಾ?"

"ಇಲ್ಲ."

"ಮತ್ತೆ ಇದಕ್ಕೆ ಏನ ಕೆಲಸ?"

"ಓಡೋದು. ಈಗ ಅದೂ ಇಲ್ಲ."

"ಸರಿಹೋಯ್ತು. ನಿನ್ನ ಅಪ್ಪನ ತಮ್ಮನ ಹಾಗೆ," ಎಂದು ಹೆತ್ತೆ ಒಳಗೆ ಹೋದಳು. ಚಿಕ್ಕಪ್ಪ ಅಲ್ಲೇ ನಿಂತಿದ್ದರು.

ಆದರೆ ನೀಲಗಿರಿ ತೈಲ ಕಾಯಿಸಿ ದಿನಾ ಸಂಜೆ ಅದರ ಕಾಲು ನೀವಿದವಳು ಹೆತ್ತೆಯೇ. ನಾನು ಕಟ್ಟಿದ ಪಟ್ಟಿಗಿಂತ ತನ್ನ ನೀವುವಿಕೆಯೇ ಗುಣ ಮಾಡಿತೆಂದು ಕೊನೆಯವರೆಗೂ ವಾದಿಸಿದಳು. ಅದರ ಲದ್ದಿ ಹಾಕಿದ ಪಾತಿಯಲ್ಲಿ ಆಲೂಗಡ್ಡೆ ಮುಷ್ಟಿಗಾತ್ರ ಬಂದ ಮೇಲೆ, ಕುದುರೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವರನ್ನು ಗದರಿಸತೊಡಗಿದಳು. ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾದಾಗ ಅದನ್ನು ಮನೆಯ ಒತ್ತಿನ ಕೊಟ್ಟಿಗೆಗೆ ತರಿಸಿ, ಬೆನ್ನಿಗೆ ಹಳೆಯ ಕಂಬಳಿ ಹೊದಿಸಿದಳು.

ಮರುವರ್ಷ ಸೀಸನ್ನಿಗೆ ಬಂದ ಮುದುಕರು ಒಂದು ರಜೆಯ ದಿನ ಬಸ್ಸಿಳಿದು ಹಟ್ಟಿಗೆ ನಡೆದು ಬಂದರು. ಕುದುರೆ ಮೇಲಿನ ಹುಲ್ಲುಗುಡ್ಡದಲ್ಲಿ ಮೇಯುತ್ತಿತ್ತು. ಅವರು ಕೂಗಿದ ಕೂಡಲೇ ತಲೆ ಎತ್ತಿತು. ಹತ್ತಿರ ಬಂದು ಅವರ ಗಡ್ಡ ಮೂಸಿತು, ಟೋಪಿ ಕೆಡವಿತು. ಅವರು ಕಾಲು ಮುಟ್ಟಿ ನೋಡಿದರು, ಹೊಟ್ಟೆ ತಟ್ಟಿದರು.

"ಎಷ್ಟ್ ದಪ್ಪ ಆಗಿದೀಯೇ! ರೇಸಲ್ಲಿ ನೋಡಿದೋರು ಇದನ್ನ ಕುದುರೇನೇ ಅನ್ನಲ್ಲ ಡಾಕ್ಟ್ರಮ್ಮಾ."

ಆಗಲೇ ಅದಕ್ಕೆ ಏನನ್ನಿಸಿತೋ, ತಟ್ಟನೆ ತಿರುಗಿ ಓಡಿತು. ಯಾರೂ ಅಟ್ಟಿರಲಿಲ್ಲ, ಯಾರೂ ಕರೆದಿರಲಿಲ್ಲ. ಗುಡ್ಡದ ಆ ತುದಿಯವರೆಗೆ ಬಾಲ ಎತ್ತಿಕೊಂಡು ಓಡಿ, ಅಲ್ಲಿ ನಿಂತು, ಏನೂ ಆಗದ ಹಾಗೆ ಮತ್ತೆ ಮೇಯತೊಡಗಿತು.

"ಏನಕ್ಕೆ ಓಡಿತು ಅದು?" ಎಂದಳು ಹೆತ್ತೆ.

ಮುದುಕರಿಗೆ ಅವಳ ಮಾತು ಅರ್ಧ ತಿಳಿಯಿತು, ಅರ್ಧ ಊಹಿಸಿಕೊಂಡರು. "ಸುಮ್ನೆ, ಅಜ್ಜಿ. ಅದರ ಇಷ್ಟ."

ಹೆತ್ತೆಗೆ ಆ ಉತ್ತರ ಸಾಕಾಯಿತು. ಅವರನ್ನು ಒಳಗೆ ಕರೆದು ಅವರೆಕಾಳಿನ ಸಾರು, ರಾಗಿ ಹಿಟ್ಟಿನ ಮುದ್ದೆ ಬಡಿಸಿದಳು. ಮುದುಕರು ಎರಡನೆಯ ಸಲ ಹಾಕಿಸಿಕೊಂಡರು. ಹಾಕಿಸಿಕೊಂಡಿದ್ದೇ ತಡ, ಹೆತ್ತೆ ಕೇಳದೆಯೇ ಮೂರನೆಯ ಸಲಕ್ಕೂ ಸೌಟು ಎತ್ತಿದಳು.